ಗೆದ್ದರೂ ಮನೆಗೆ ಒಯ್ಯಲಾಗದ ಕಪ್

ಪ್ರಶ್ನೆ: ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ನ 'ರೋಹಿಂಟನ್ ಬಾರಿಯಾ ಟ್ರೋಫಿ'ಗೆ ಆ ಹೆಸರು ಹೇಗೆ ಬಂತು? ಅದನ್ನು ಗೆದ್ದವರೇ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಶಿರಾ ಗೇಟ್, ತುಮಕೂರು

ಉತ್ತರ: ರೋಹಿಂಟನ್ ಹೆಸರಾಂತ ಆಟಗಾರನೇನಲ್ಲ. ಮುಂಬಯಿಯ ಅರ್ದೇಶಿರ್ ದಾದಾಭಾಯ್ ಬಾರಿಯಾ ಅವರ ಮಗ. ತೀರಿಹೋದ ಮಗನ ನೆನಪಿಗಾಗಿ ತಂದೆ 1935ರಲ್ಲಿ ಈ ಟ್ರೋಫಿ ಕೊಟ್ಟರು. ಮೊದಲ ವರ್ಷ ಗೆದ್ದದ್ದು ಪಂಜಾಬ್ ವಿಶ್ವವಿದ್ಯಾಲಯ. ಆಮೇಲೆ ಹೆಚ್ಚು ಸಲ ಗೆದ್ದದ್ದು ಮುಂಬಯಿ. ಒಬ್ಬ ತಂದೆಯ ದುಃಖ ಸಾವಿರಾರು ವಿದ್ಯಾರ್ಥಿಗಳ ಕನಸಾಯಿತು ಎಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ.

ಇದು ಪರ್ಯಾಯ ಪಾರಿತೋಷಕ. ಗೆದ್ದವರ ಬಳಿ ಮುಂದಿನ ಟೂರ್ನಿಯವರೆಗೆ ಮಾತ್ರ ಇರುತ್ತದೆ. ಕಾಲೇಜು ಪೈಪೋಟಿಯ ಜೀವ ಇರುವುದೇ ಈ ಕೈ ಬದಲಾವಣೆಯಲ್ಲಿ. ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೊಂದು ಉದಾಹರಣೆ: 1903ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ ಮಿನ್ನೆಸೋಟಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಅದರ ವಿರುದ್ಧ ಅಮೆರಿಕನ್ ಫುಟ್‌ಬಾಲ್ ಆಡಿ, 6–6 ಸಮ ಮಾಡಿಕೊಂಡು, ನೀರಿನ ಹೂಜಿಯನ್ನು ಅಲ್ಲೇ ಬಿಟ್ಟು ಹೋಯಿತು. ಬರೀ 30 ಸೆಂಟಿನ ಮಣ್ಣಿನ ಹೂಜಿ! ಮಿನ್ನೆಸೋಟಾ ಅದನ್ನು ತನ್ನಲ್ಲೇ ಇಟ್ಟುಕೊಂಡಿತು; 1909ರಲ್ಲಿ ಮಿಷಿಗನ್ ಅದನ್ನು ಗೆದ್ದೇ ವಾಪಸ್ ತಂದಿತು. ಇಂದಿಗೂ ಆ ಎರಡು ವಿಶ್ವವಿದ್ಯಾಲಯಗಳು ಕಾದಾಡುವುದು ಆ ಹೂಜಿಗಾಗಿಯೇ.

2004ರಲ್ಲಿ ಶುರುವಾದ ನಮ್ಮ ತುಮಕೂರು ವಿಶ್ವವಿದ್ಯಾಲಯದ ಹುಡುಗರು ಬಾರಿಯಾ ಕಪ್ ಮುಟ್ಟಬೇಕಾದರೆ ಮೊದಲು ದಕ್ಷಿಣ ವಲಯದ ಪಂದ್ಯಗಳನ್ನು ದಾಟಬೇಕು. ನೀವು ವಿದ್ಯಾರ್ಥಿಯಾಗಿದ್ದರೆ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ಆಯ್ಕೆ ಯಾವಾಗ ಎಂದು ಇಂದೇ ವಿಚಾರಿಸಿ.