ಉಣ್ಣೆಯ ವ್ಯಾಪಾರ, ಹಿಮಚಿರತೆಯ ರಕ್ಷಣೆ

ವನ್ಯಜೀವಿ ಸಂರಕ್ಷಣೆ ಎಂದೊಡನೆ ಸರ್ಕಾರದ ಅನುದಾನ ಮತ್ತು ದಾನಿಗಳ ದೇಣಿಗೆ ನಮ್ಮ ನೆನಪಿಗೆ ಬರುತ್ತವೆ. ಉದ್ಯಮಿಯ ಪಾತ್ರ ಚೆಕ್ಕಿಗೆ ಸಹಿ ಹಾಕುವುದರೊಂದಿಗೆ ಮುಗಿಯಿತೆಂಬ ಭಾವನೆಯೂ ಸಾಮಾನ್ಯ. ಖರೀದಿಯ ಕರಾರೊಂದೇ ಕಾಡುಪ್ರಾಣಿಗೆ ರಕ್ಷಣೆ ಒದಗಿಸಬಲ್ಲದು ಎಂಬುದಕ್ಕೆ ಮಂಗೋಲಿಯಾದ ಉಣ್ಣೆ ಉದ್ಯಮವೊಂದು ಉತ್ತಮ ನಿದರ್ಶನವಾಗಿದೆ.

ಮಂಗೋಲಿಯಾದ ಪರ್ವತ ಪ್ರದೇಶಗಳ ಪಶುಪಾಲಕರಿಗೆ ಕುರಿ, ಮೇಕೆ, ಒಂಟೆಗಳೇ ಬಂಡವಾಳ. ಹಿಮಚಿರತೆಯು ಮಂದೆಯ ಮೇಲೆರಗಿದಾಗ ಆ ಬಂಡವಾಳಕ್ಕೇ ಪೆಟ್ಟು ಬೀಳುತ್ತದೆ. ನಷ್ಟ ಹೊತ್ತವನು ಪ್ರತೀಕಾರಕ್ಕಾಗಿ ಚಿರತೆಯನ್ನು ಕೊಲ್ಲುವುದೂ ಉಂಟು. ಇತ್ತ ಮಾರುಕಟ್ಟೆಯಿಂದ ದೂರದಲ್ಲಿರುವ ಈ ಕುಟುಂಬಗಳು ಕಚ್ಚಾ ಉಣ್ಣೆಯನ್ನು ಅಲ್ಪ ಬೆಲೆಗೆ ಮಾರಬೇಕಾಗಿತ್ತು.

ಈ ಎರಡು ಸಮಸ್ಯೆಗಳನ್ನು ಒಟ್ಟಿಗೆ ಪರಿಹರಿಸುವ ಉದ್ದೇಶದಿಂದ ಬಯರ್ಜರ್ಗಾಲ್ ಅಗ್ವಾಂತ್ಸೆರೆನ್ ಮತ್ತು ಪ್ರಿಸಿಲ್ಲಾ ಅಲೆನ್ ಎಂಬ ಮಹಿಳೆಯರು 1998ರಲ್ಲಿ 'ಸ್ನೋ ಲೆಪರ್ಡ್ ಎಂಟರ್‌ಪ್ರೈಸಸ್' ಯೋಜನೆಯನ್ನು ಆರಂಭಿಸಿದರು. 1981ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸ್ಥಾಪಿತವಾದ ಸ್ನೋ ಲೆಪರ್ಡ್ ಟ್ರಸ್ಟ್ ಇದಕ್ಕೆ ಆಸರೆಯಾಯಿತು. ಪಶುಪಾಲಕ ಮಹಿಳೆಯರು ತಮ್ಮದೇ ಉಣ್ಣೆಯಿಂದ ಪಾದರಕ್ಷೆ, ಕೈಗವಸು, ಆಟಿಕೆ ಮುಂತಾದವನ್ನು ತಯಾರಿಸಿದರೆ, ಟ್ರಸ್ಟ್ ಅವುಗಳನ್ನು ಖರೀದಿಸಿ ವಿದೇಶಿ ಗ್ರಾಹಕರಿಗೆ ಮಾರುತ್ತದೆ.

ಕರಾರಿನ ಮರ್ಮ

ಸರಕಿನ ಬೆಲೆ ಖರೀದಿಯ ಸಮಯದಲ್ಲಿಯೇ ಸಲ್ಲುತ್ತದೆ. ಇದರೊಂದಿಗೆ, ಹಿಮಚಿರತೆಯನ್ನಾಗಲಿ ಅದರ ಆಹಾರವಾದ ಕಾಡುಕುರಿ, ಕಾಡುಮೇಕೆಗಳನ್ನಾಗಲಿ ಕೊಲ್ಲುವುದಿಲ್ಲವೆಂದು ಸಮುದಾಯವು ಕರಾರಿಗೆ ಸಹಿ ಹಾಕುತ್ತದೆ. ವರ್ಷಪೂರ್ತಿ ಮಾತು ಉಳಿಸಿಕೊಂಡವರಿಗೆ ಶೇ. 20ರಷ್ಟು ಬೋನಸ್ ದೊರೆಯುತ್ತದೆ. ಉದಾಹರಣೆಗೆ, 10,000 ರೂಪಾಯಿಯ ಸರಕು ಪೂರೈಸಿದ ಕುಟುಂಬಕ್ಕೆ 2,000 ರೂಪಾಯಿ ಹೆಚ್ಚುವರಿ ಪ್ರಾಪ್ತಿ. ಒಬ್ಬನು ಕರಾರು ಮುರಿದರೂ ಇಡೀ ಸಮುದಾಯ ಬೋನಸ್ ಕಳೆದುಕೊಳ್ಳುತ್ತದೆ. ಆದ್ದರಿಂದ ನೆರೆಹೊರೆಯವರೇ ಕಾವಲುಗಾರರಾಗುತ್ತಾರೆ. ಪ್ರತ್ಯೇಕ ಕಾವಲು ಪಡೆಗೆ ಹಣ ವ್ಯಯಿಸದೆ ಹೊಣೆಗಾರಿಕೆಯನ್ನು ಮೂಡಿಸಿದ ಈ ಕ್ರಮ ವ್ಯಾಪಾರಸ್ಥರ ಮೆಚ್ಚುಗೆಗೆ ಪಾತ್ರವಾಗತಕ್ಕದ್ದು.

ವ್ಯಾಪಾರದಿಂದಲೇ ಎಲ್ಲವೂ ಸಾಧ್ಯವೆಂದು ಭಾವಿಸಲಾಗದು. ದಕ್ಷಿಣ ಗೋಬಿಯ ತೋಸ್ತ್ ಪರ್ವತಗಳಿಗೆ ಗಣಿಗಾರಿಕೆಯ ಭೀತಿ ಎದುರಾದಾಗ ಬೋನಸ್ಸಿನಿಂದ ಪ್ರಯೋಜನವಿರಲಿಲ್ಲ. ಅಲ್ಲಿ ಸರ್ಕಾರದ ನಿರ್ಧಾರವೇ ಬೇಕಾಯಿತು. ಬಯರ್ಜರ್ಗಾಲ್ ಅವರ ನೇತೃತ್ವದ ಹೋರಾಟದ ಫಲವಾಗಿ 2016ರಲ್ಲಿ ಆ ಪ್ರದೇಶ ಸಂರಕ್ಷಿತವೆಂದು ಘೋಷಿತವಾಯಿತು. 2019ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು.

ಭಾರತದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಮಹಿಳೆಯರೊಂದಿಗೆ 'ಶೆನ್' ಎಂಬ ಕರಕುಶಲ ಯೋಜನೆಯನ್ನು ರೂಪಿಸಿದೆ. ಸ್ಥಳೀಯ ಭಾಷೆಯಲ್ಲಿ ಶೆನ್ ಎಂದರೆ ಹಿಮಚಿರತೆ.

ನಮಗೇನು ಪಾಠ?

ಪೊಟ್ಟಣದ ಮೇಲೆ ಹುಲಿಯ ಚಿತ್ರ ಮುದ್ರಿಸಿ, 'ಲಾಭದ ಒಂದಂಶ ವನ್ಯಜೀವಿಗಳಿಗೆ' ಎಂದು ಬರೆಯುವುದು ಸುಲಭ. ಎಷ್ಟು ಅಂಶ, ಯಾರಿಗೆ, ಯಾವ ಷರತ್ತಿನ ಮೇಲೆ ಎಂಬುದನ್ನೂ ಸ್ಪಷ್ಟಪಡಿಸಿದರೆ ಮಾತ್ರ ಗ್ರಾಹಕನ ವಿಶ್ವಾಸ ಉಳಿದೀತು. ಸರಕಿನ ಗುಣಮಟ್ಟದ ವಿಷಯದಲ್ಲಿಯೂ ರಾಜಿ ಸಲ್ಲದು. ಕರುಣೆಯಿಂದ ಒಮ್ಮೆ ಕೊಂಡ ಗ್ರಾಹಕ ಎರಡನೆಯ ಬಾರಿ ಬರುವುದು ಸರಕು ಬಾಳಿಕೆ ಬಂದಾಗಲೇ. ಅರಣ್ಯದಂಚಿನ ಹಳ್ಳಿಗಳಿಂದ ಜೇನು, ಹುಣಸೆ, ಸೀಗೆ ಖರೀದಿಸುವ ಸದಸ್ಯರು ತಮ್ಮ ಖರೀದಿ ಒಪ್ಪಂದದಲ್ಲಿ ಇಂಥದೊಂದು ಷರತ್ತನ್ನೂ ಬೋನಸ್ಸನ್ನೂ ಸೇರಿಸುವ ಬಗ್ಗೆ ಆಲೋಚಿಸಬಹುದಾಗಿದೆ.