ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಂಕಿಅಂಶಗಳ ಒಡನಾಟದಲ್ಲಿಯೇ ಅಮೆರಿಕದಲ್ಲಿ ಅನ್ನ ಸಂಪಾದಿಸಿದವನು ನಾನು. ಆ ತಪ್ಪಿಗಾಗಿಯೋ ಏನೋ, ಸುತ್ತಮುತ್ತಲಿನ ಕನ್ನಡ ಕೂಟಗಳವರು ಭಾನುವಾರದ ಕನ್ನಡ ತರಗತಿಗಳ ವರದಿಯೊಂದನ್ನು ಸಿದ್ಧಪಡಿಸುವ ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದರು. ಸೇರಿದ ಮಕ್ಕಳಲ್ಲಿ ವರ್ಷಾಂತ್ಯದ ಪರೀಕ್ಷೆ ಮುಗಿಸಿದವರು ಶೇಕಡಾ ಎಷ್ಟು, ಮುಂದಿರುವ ಹತ್ತು ತರಗತಿಗಳು ಯಾವುವು, ಇಷ್ಟೇ ಅವರ ಕೋರಿಕೆ.

ಪಟ್ಟಿಯನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿದೆ. ಮೊದಲ ಹತ್ತರಲ್ಲಿ ಏಳು, ಐದಾರು ಮಕ್ಕಳಷ್ಟೇ ಇರುವ ತರಗತಿಗಳು! ಅಗ್ರಸ್ಥಾನದಲ್ಲಿದ್ದುದು ಮೂರೇ ಕನ್ನಡ ಮನೆಗಳಿರುವ ಒಂದು ಪುಟ್ಟ ಊರು. ನಾಲ್ಕು ಮಕ್ಕಳು, ನಾಲ್ವರೂ ತೇರ್ಗಡೆ. ವಿಚಿತ್ರವೆಂದರೆ ಪಟ್ಟಿಯ ಬುಡದಲ್ಲಿದ್ದವೂ ಇಂಥ ಪುಟ್ಟ ತರಗತಿಗಳೇ.

ಇದರಲ್ಲಿ ಬೋಧನೆಯ ಮಹಿಮೆಗಿಂತ ಸಂಖ್ಯೆಯ ಚೇಷ್ಟೆ ಹೆಚ್ಚು. ಪ್ರತಿ ಮಗುವೂ ಪರೀಕ್ಷೆ ಮುಗಿಸುವ ಸಂಭವ ಐದರಲ್ಲಿ ನಾಲ್ಕು ಎಂದಿಟ್ಟುಕೊಳ್ಳಿ. ನಾಲ್ವರಿರುವಲ್ಲಿ ಎಲ್ಲರೂ ಮುಗಿಸುವ ಸಂಭವ ಶೇಕಡಾ 41. ನಲವತ್ತು ಮಂದಿ ಇರುವಲ್ಲಿ ಅದು ಏಳೂವರೆ ಸಾವಿರಕ್ಕೆ ಒಂದು. ದೊಡ್ಡ ತರಗತಿಯ ಗುರುಗಳು ಎಷ್ಟು ದುಡಿದರೂ ಈ ಓಟದಲ್ಲಿ ಗೆಲ್ಲುವುದು ದುಸ್ತರ.

ಕ್ರಿಕೆಟ್ ಪ್ರಿಯರಿಗೆ ಇದು ಹೊಸತಲ್ಲ. 1948ರ ಫೆಬ್ರವರಿಯಲ್ಲಿ ವೆಸ್ಟ್ ಇಂಡೀಸಿನ ಆಂಡಿ ಗಾಂಟೋಮ್ ತಮ್ಮ ಏಕೈಕ ಟೆಸ್ಟ್ ಇನಿಂಗ್ಸಿನಲ್ಲಿ 112 ರನ್ ಗಳಿಸಿದರು. ಮತ್ತೆಂದೂ ಅವರಿಗೆ ಟೆಸ್ಟ್ ಆಡುವ ಕರೆ ಬರಲಿಲ್ಲ. ಸರಾಸರಿ 112! ಅದೇ ವರ್ಷ ನಿವೃತ್ತರಾದ ಬ್ರಾಡ್ಮನ್ನರ ಸರಾಸರಿ, 80 ಇನಿಂಗ್ಸುಗಳಲ್ಲಿ, 99.94. ಬ್ರಾಡ್ಮನ್ನರನ್ನು ಎರಡನೆಯವರೆನ್ನಲು ಯಾರಿಗೂ ಮನಸ್ಸಾಗದು. ಆದ್ದರಿಂದ ಸಾಮಾನ್ಯವಾಗಿ ಕನಿಷ್ಠ 20 ಇನಿಂಗ್ಸುಗಳ ನಿಯಮವಿಡುತ್ತಾರೆ. ನಮ್ಮ ಕರ್ನಾಟಕದ ಕರುಣ್ ನಾಯರ್ 2016ರಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದಾಗ, ಮೂರು ಇನಿಂಗ್ಸುಗಳಿಗೆ ಅವರ ಸರಾಸರಿ 160. ಇನ್ನೂ ನಾಲ್ಕು ಇನಿಂಗ್ಸುಗಳಾಗುವಷ್ಟರಲ್ಲಿ ಅದು 62ಕ್ಕಿಳಿದಿತ್ತು. ಆ ಮುನ್ನೂರರ ಸೊಗಸು ಮಾತ್ರ ಅದರಿಂದ ಎಳ್ಳಷ್ಟೂ ಕುಂದಲಿಲ್ಲವೆಂಬುದು ಬೇರೆ ಮಾತು.

ಸಾವುನೋವಿನ ಲೆಕ್ಕದಲ್ಲಿಯೂ ಇದೇ ಕಥೆ. ಅಮೆರಿಕದ ಕೌಂಟಿಗಳ ಪೈಕಿ ಮೂತ್ರಪಿಂಡದ ಕ್ಯಾನ್ಸರಿನ ಪ್ರಮಾಣ ಅತಿ ಕಡಿಮೆಯಿರುವುದು ಜನವಿರಳ ಗ್ರಾಮಾಂತರ ಕೌಂಟಿಗಳಲ್ಲಿ. ಶುದ್ಧ ಗಾಳಿ, ತಾಜಾ ಆಹಾರ ಎಂದು ನಾವು ತಲೆದೂಗುವಷ್ಟರಲ್ಲಿ, ಅತಿ ಹೆಚ್ಚಿರುವುದೂ ಅಂಥ ಕೌಂಟಿಗಳಲ್ಲಿಯೇ ಎಂದು ತಿಳಿಯುತ್ತದೆ. ಹೋವರ್ಡ್ ವೇನರ್ ಎಂಬ ಸಂಖ್ಯಾಶಾಸ್ತ್ರಜ್ಞರು 2007ರ ಲೇಖನವೊಂದರಲ್ಲಿ ಇದನ್ನು ಸೊಗಸಾಗಿ ವಿವರಿಸಿದ್ದಾರೆ.

ಇಷ್ಟೆಲ್ಲ ತಿಳಿದವನೂ ಎಡವಿದೆ. ಮೊದಲು ಹತ್ತನ್ನು ಆರಿಸಿಕೊಂಡು, ಆಮೇಲೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವವನ್ನು ತೆಗೆದುಹಾಕಿದೆ, ಕೈಯಲ್ಲುಳಿದದ್ದು ಮೂರು! ಮೊದಲು ಸೋಸಬೇಕು, ಆಮೇಲೆ ಶ್ರೇಣಿ ಕೊಡಬೇಕು. ಅಕ್ಕಿಯನ್ನು ಆರಿಸದೆ ಅಳೆದಂತಾಗಿತ್ತು ನನ್ನ ಕೆಲಸ. ಇಪ್ಪತ್ತೆಂಬ ಗೆರೆಯನ್ನು ಮಾತ್ರ ಫಲಿತಾಂಶ ನೋಡುವ ಮೊದಲೇ ಎಳೆದಿದ್ದೆ. ನೋಡಿದ ಮೇಲೆ ಎಳೆದರೆ ನಮ್ಮೂರಿನ ತರಗತಿಯನ್ನು ಒಳಗೆ ಸೇರಿಸಿಕೊಳ್ಳುವ ಆಸೆ ಯಾರನ್ನು ಬಿಟ್ಟೀತು?

ವರದಿ ಹೊರಬಂದ ವಾರದಲ್ಲಿ ಆ ಪುಟ್ಟ ಊರಿನ ಶಿಕ್ಷಕಿ ದೂರವಾಣಿ ಮಾಡಿದರು. ತಮ್ಮ ಮನೆಯ ನೆಲಮಾಳಿಗೆಯಲ್ಲಿ ವರ್ಷವಿಡೀ ಪಾಠ ಹೇಳಿದವರು. ಹಿಮ ಬಿದ್ದ ದಿನಗಳಲ್ಲಿ ತಾವೇ ಕಾರಿನಲ್ಲಿ ಹೋಗಿ ಮಕ್ಕಳನ್ನು ಕರೆತಂದವರು.

“ಹಾಗಾದರೆ ನಮ್ಮ ಮಕ್ಕಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಲ್ಲವೇ ಸಾರ್?”

ಗಾಂಟೋಮ್, ಬ್ರಾಡ್ಮನ್ ಯಾರೂ ನನ್ನ ನೆರವಿಗೆ ಬರಲಿಲ್ಲ. ಶ್ರೇಣಿಯಿಂದ ಹೊರಗಿಟ್ಟದ್ದು ಸರಿಯೇ. ಆದರೆ ವರದಿಯಿಂದಲೇ ಹೊರಗಿಟ್ಟಿದ್ದೆನಲ್ಲ! ಪರಿಷ್ಕೃತ ಪ್ರತಿಯಲ್ಲಿ ಎಲ್ಲ ಸಣ್ಣ ತರಗತಿಗಳನ್ನೂ ಅಕಾರಾದಿಯಾಗಿ, ಮಕ್ಕಳ ಸಂಖ್ಯೆ ಸಹಿತ, ಶೇಕಡಾವಾರು ಇಲ್ಲದೆ ಮುದ್ರಿಸಿದೆವು. ಜೊತೆಗೆ, ಒಂದೇ ತರಗತಿಯ ಹಲವು ವರ್ಷಗಳ ಮಕ್ಕಳನ್ನು ಒಟ್ಟುಗೂಡಿಸಿ ಇಪ್ಪತ್ತಾದೊಡನೆ ಶ್ರೇಣಿಗೆ ಸೇರಿಸುವುದೆಂದು ಗೊತ್ತುಮಾಡಿದೆವು.

ಆ ಶಿಕ್ಷಕಿ ಈಗ ಪ್ರತಿ ಬೇಸಗೆಯಲ್ಲಿಯೂ ದೂರವಾಣಿ ಮಾಡಿ ಲೆಕ್ಕ ಒಪ್ಪಿಸುತ್ತಾರೆ. ಈವರೆಗೆ ಹದಿಮೂರು ಮಕ್ಕಳಾಗಿದ್ದಾರೆ. ಒಬ್ಬ ಹುಡುಗ ಮಾತ್ರ ಪರೀಕ್ಷೆ ತಪ್ಪಿಸಿದ್ದಾನಂತೆ. ಇನ್ನು ಏಳು ಬೇಕು.