ವೈರಸ್ ಜ್ವರದ ಬೆನ್ನಿಗೆ ಬರುವ ಶಿಲೀಂಧ್ರ

2021ರಲ್ಲಿ ಕೋವಿಡ್‌ನ ಎರಡನೇ ಅಲೆಯ ವೇಳೆ, ಗುಣಮುಖರಾಗಿ ಮನೆಗೆ ಮರಳಿದ್ದ ಅನೇಕರು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಕೆಲವರಿಗೆ ಮುಖದ ಒಂದು ಬದಿ ಊದಿಕೊಂಡಿತ್ತು, ಕೆಲವರ ಕಣ್ಣು ಮಂಜಾಗಿತ್ತು. ಜನರು 'ಬ್ಲ್ಯಾಕ್ ಫಂಗಸ್' ಎಂದು ಕರೆದ ಆ ರೋಗದ ಹೆಸರು ಮ್ಯುಕೋರ್‌ಮೈಕೋಸಿಸ್. ಆ ಜುಲೈ ವೇಳೆಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾಗಿದ್ದವು.

ಈ ಶಿಲೀಂಧ್ರ ಹೊಸದಲ್ಲ. ಮಣ್ಣು, ಗೊಬ್ಬರ, ಕೊಳೆತ ಎಲೆ-ಹಣ್ಣುಗಳಲ್ಲಿ ಅದು ಸದಾ ಇರುತ್ತದೆ. ಅದರ ಸೂಕ್ಷ್ಮ ಕಣಗಳು ಉಸಿರಿನೊಂದಿಗೆ ಒಳಹೋದರೂ ಆರೋಗ್ಯವಂತ ದೇಹ ಅವನ್ನು ನಾಶ ಮಾಡುತ್ತದೆ. ಆದರೆ ವೈರಸ್ ಶ್ವಾಸಮಾರ್ಗದ ಒಳಪದರವನ್ನು ಹಾಳುಮಾಡಿದಾಗ, ರಕ್ತದಲ್ಲಿ ಸಕ್ಕರೆ ಏರಿದಾಗ ಮತ್ತು ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಅದಕ್ಕೆ ದಾರಿ ಸಿಗುತ್ತದೆ. ಅದು ರಕ್ತನಾಳಗಳನ್ನು ಮುಚ್ಚುತ್ತದೆ. ರಕ್ತ ಸಿಗದೆ ಸತ್ತ ಭಾಗ ಕಪ್ಪಾಗುತ್ತದೆ. 'ಕಪ್ಪು' ಎಂಬ ಹೆಸರು ಬಂದದ್ದು ಹೀಗೆ.

ತೀವ್ರ ಇನ್‌ಫ್ಲುಯೆಂಜಾದಿಂದ ಐಸಿಯು ಸೇರಿದವರಲ್ಲಿ ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರ ಶ್ವಾಸಕೋಶವನ್ನು ಹಿಡಿಯುವುದುಂಟು. ಅದರ ಲಕ್ಷಣಗಳು ಮೂಲ ರೋಗದಂತೆಯೇ ಇರುವುದರಿಂದ ವಿಶೇಷ ಪರೀಕ್ಷೆಗಳು ಬೇಕಾಗುತ್ತವೆ.

ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ಆಮ್ಲಜನಕದ ಅಗತ್ಯವಿದ್ದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ಕಡಿಮೆ ಮಾಡಿತೆಂದು 2020ರಲ್ಲಿ ಬ್ರಿಟನ್ನಿನ 'ರಿಕವರಿ' ಅಧ್ಯಯನ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆದ್ದರಿಂದ ನೆರೆಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಸ್ಟೀರಾಯ್ಡ್ ತಂದು ನುಂಗುವುದು ಅಪಾಯ. ವೈದ್ಯರು ಕೊಟ್ಟದ್ದನ್ನು ಅವರನ್ನು ಕೇಳದೆ ಥಟ್ಟನೆ ನಿಲ್ಲಿಸುವುದೂ ಸರಿಯಲ್ಲ.

ಮನೆಯವರು ಮಾಡಬೇಕಾದ್ದೇನು? ರೋಗಿಗೆ ಮಧುಮೇಹವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಸ್ಟೀರಾಯ್ಡ್ ಪಡೆಯುತ್ತಿದ್ದರೆ, ಹಿಂದೆ ಮಧುಮೇಹ ಇಲ್ಲದವರೂ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಮನೆಗೆ ಮರಳಿದ ನಂತರವೂ ಕೆಲವು ವಾರ ಗಮನವಿರಲಿ. ಮುಖದ ಒಂದೇ ಬದಿಯಲ್ಲಿ ನೋವು, ಊತ ಅಥವಾ ಮರಗಟ್ಟುವಿಕೆ, ಮೂಗಿನಿಂದ ಕಪ್ಪು ಅಥವಾ ರಕ್ತಮಿಶ್ರಿತ ಸ್ರಾವ, ಎರಡೆರಡಾಗಿ ಕಾಣುವುದು, ಹಲ್ಲು ಅಲುಗಾಡುವುದು, ಅಂಗುಳ ಕಪ್ಪಾಗುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕಿತ್ಸೆಯಲ್ಲಿ ಆಂಫೊಟೆರಿಸಿನ್ ಬಿ ಔಷಧದ ಜೊತೆಗೆ, ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೂ ಸಾಮಾನ್ಯವಾಗಿ ಅಗತ್ಯ. ತಡವಾದರೆ ಕಣ್ಣು, ಕೊನೆಗೆ ಪ್ರಾಣವೂ ಹೋಗಬಹುದು.

ಇನ್ನೊಂದು ಮಾತು. ಮ್ಯುಕೋರ್‌ಮೈಕೋಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಈ ರೋಗದಿಂದ ಮುಖ ವಿರೂಪಗೊಂಡವರನ್ನು, ಕಣ್ಣು ಕಳೆದುಕೊಂಡವರನ್ನು ಹೆದರಿ ದೂರವಿಡಬೇಡಿ. ರೋಗಿಯನ್ನು ವಿಚಾರಿಸುವುದು ನಮ್ಮ ಹೊಣೆ. ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು ಸಲಾಂ ಹೇಳಿ.